ಬೆಕ್ಕಿನ ಒತ್ತಡಕ್ಕೆ ಹೂವಿನ ಹನಿ: ನಿಜಕ್ಕೂ ಕೆಲಸ ಮಾಡುತ್ತದೆಯೇ?

"ಮನೆ ಬದಲಾಯಿಸಿದ ಮೇಲೆ ನಿಮ್ಮ ಬೆಕ್ಕು ಮಂಚದ ಕೆಳಗಿನಿಂದ ಹೊರಗೇ ಬರುತ್ತಿಲ್ಲವೇ? ಪಟಾಕಿ ಸದ್ದಿಗೆ ನಡುಗುತ್ತಿದೆಯೇ? ಕಂಡ ಕಂಡಲ್ಲಿ ಉಚ್ಚೆ ಹೊಯ್ಯುತ್ತಿದೆಯೇ? ಚಿಂತೆ ಬಿಡಿ. ಕುಡಿಯುವ ನೀರಿಗೆ ನಾಲ್ಕು ತೊಟ್ಟು ಹೂವಿನ ಹನಿ ಹಾಕಿ. ನೂರಕ್ಕೆ ನೂರು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ!"

ಬೆಕ್ಕು ಸಾಕುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವಿದ್ದರೆ ಈ ಧಾಟಿಯ ಸಂದೇಶ ಒಮ್ಮೆಯಾದರೂ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಕಳಿಸಿದವರ ಉದ್ದೇಶ ಒಳ್ಳೆಯದೇ. ಮೂಕಪ್ರಾಣಿಗೆ ಕಷ್ಟವಾಗಬಾರದು, ಕಹಿ ಮಾತ್ರೆ ತಿನ್ನಿಸುವ ಗೋಳು ಬೇಡ ಎಂಬ ಕಾಳಜಿ ಅದರ ಹಿಂದೆ ಇರುತ್ತದೆ. ಆದರೆ ಆ ನಾಲ್ಕು ತೊಟ್ಟಿನಲ್ಲಿ ಏನಿದೆ? ಅದು ಬೆಕ್ಕಿನ ಭಯವನ್ನು ಕಡಿಮೆ ಮಾಡುತ್ತದೆಯೇ? ಅದನ್ನೇ ನಂಬಿ ಕೂತರೆ ಅಪಾಯವಿದೆಯೇ? ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಹೂವಿನ ಹನಿಗಳಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿಮದ್ದಿಗಿಂತ ಹೆಚ್ಚಿನ ಗುಣವಿದೆ ಎಂದು ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ತೋರಿಸಿಲ್ಲ. ಬೆಕ್ಕುಗಳಲ್ಲಿ ಅದು ಕೆಲಸ ಮಾಡುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಲ್ಲ. ಅಂಗಡಿಯಲ್ಲಿ ಸಿಗುವ ಹನಿಗಳು ಎಷ್ಟು ತೆಳುವಾಗಿರುತ್ತವೆ ಎಂದರೆ ನಾಲ್ಕು ತೊಟ್ಟಿನಿಂದ ಬೆಕ್ಕಿಗೆ ವಿಷವೇರುವುದಿಲ್ಲ. ಅಪಾಯ ಇರುವುದು ಎರಡು ಕಡೆ. ಒಂದು, "ಒತ್ತಡ ಅಷ್ಟೇ" ಎಂದುಕೊಂಡು ನಿಜವಾದ ಕಾಯಿಲೆಗೆ ಚಿಕಿತ್ಸೆ ತಡವಾಗುವುದು. ಎರಡು, "ಹೂವು ತಾನೇ" ಎಂದು ಮನೆಯಲ್ಲೇ ಕಷಾಯ ಮಾಡುವುದು ಅಥವಾ ಹೂವಿನ ಎಣ್ಣೆ ಬಳಸುವುದು. ಈ ಎರಡರಿಂದಲೂ ಬೆಕ್ಕಿನ ಪ್ರಾಣ ಹೋಗಬಹುದು.

ಹೂವಿನ ಹನಿ ಎಂದರೇನು? ಎಲ್ಲಿಂದ ಬಂತು?

ಈ ಪದ್ಧತಿ ನಮ್ಮ ಆಯುರ್ವೇದದ್ದಲ್ಲ, ಅಜ್ಜಿಯ ಮನೆಮದ್ದೂ ಅಲ್ಲ. ಇದು ಇಂಗ್ಲೆಂಡಿನದು, ಹುಟ್ಟಿ ಇನ್ನೂ ನೂರು ವರ್ಷವೂ ಆಗಿಲ್ಲ. ಎಡ್ವರ್ಡ್ ಬಾಕ್ (1886–1936) ಎಂಬ ವೈದ್ಯರು ಇದನ್ನು ರೂಪಿಸಿದರು. ಅವರು ಲಂಡನ್ನಿನಲ್ಲಿ ಬ್ಯಾಕ್ಟೀರಿಯಾ ತಜ್ಞರಾಗಿದ್ದರು. ನಂತರ ಹೋಮಿಯೋಪಥಿಯತ್ತ ತಿರುಗಿದರು. 1930ರಲ್ಲಿ ಲಂಡನ್ನಿನ ವೃತ್ತಿ ಬಿಟ್ಟು ಹಳ್ಳಿಗಾಡಿನಲ್ಲಿ ಹೂಗಳನ್ನು ಹುಡುಕುತ್ತಾ ಹೊರಟರು.

ಎಲ್ಲ ಕಾಯಿಲೆಗೂ ಮನಸ್ಸಿನ ಏರುಪೇರೇ ಮೂಲ, ಪ್ರತಿ ಭಾವನೆಗೂ ತಕ್ಕ ಒಂದು ಹೂವಿದೆ ಎಂಬುದು ಬಾಕ್ ಅವರ ನಂಬಿಕೆ. ಬೆಳಗಿನ ಬಿಸಿಲು ಬಿದ್ದ ಇಬ್ಬನಿಗೆ ಹೂವಿನ ಗುಣ ಇಳಿಯುತ್ತದೆ ಎಂದು ಅವರು ಭಾವಿಸಿದ್ದರು. ಯಾವ ಹೂವು ಯಾವ ಭಾವನೆಗೆ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕಂಡುಕೊಂಡದ್ದಲ್ಲ. ತಮ್ಮ ಅಂತಃಪ್ರೇರಣೆಯಿಂದಲೇ ಅವರು ಅದನ್ನು ನಿರ್ಧರಿಸಿದರು. ಹೀಗೆ ಸಿದ್ಧವಾದದ್ದು 38 ಬಗೆಯ ಹನಿಗಳು. ಗೊತ್ತಿರುವ ಭಯಕ್ಕೆ ಮಿಮ್ಯುಲಸ್, ಕಾರಣ ತಿಳಿಯದ ಭಯಕ್ಕೆ ಆಸ್ಪೆನ್, ಬದಲಾವಣೆಗೆ ಹೊಂದಿಕೊಳ್ಳಲು ವಾಲ್‌ನಟ್ ಎಂಬ ಲೆಕ್ಕ. ಈ 38ರಲ್ಲಿ ಒಂದು ಹೂವೇ ಅಲ್ಲ. ರಾಕ್ ವಾಟರ್ ಎಂಬುದು ಬರೀ ಚಿಲುಮೆಯ ನೀರು.

ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ರೆಸ್ಕ್ಯೂ ರೆಮಿಡಿ. ರಾಕ್ ರೋಸ್, ಇಂಪೇಷನ್ಸ್, ಕ್ಲೆಮ್ಯಾಟಿಸ್, ಸ್ಟಾರ್ ಆಫ್ ಬೆತ್ಲೆಹೆಮ್ ಮತ್ತು ಚೆರ್ರಿ ಪ್ಲಮ್ ಎಂಬ ಐದು ಹನಿಗಳ ಮಿಶ್ರಣ ಇದು. ಸಾಕುಪ್ರಾಣಿಗಳಿಗೆಂದೇ ಮಾರುವ ಬಾಟಲಿಯಲ್ಲೂ ಇದೇ ಐದು ಇರುತ್ತವೆ. ಬ್ರಾಂದಿಯ ಬದಲು ಗ್ಲಿಸರಿನ್ ಇರುತ್ತದೆ, ಅಷ್ಟೇ. ನಮ್ಮಲ್ಲಿ ಇದು ಆನ್‌ಲೈನ್‌ನಲ್ಲೂ ಹೋಮಿಯೋಪಥಿ ಅಂಗಡಿಗಳಲ್ಲೂ ಸಿಗುತ್ತದೆ.

ಬಾಟಲಿಯೊಳಗೆ ಏನಿದೆ? ಒಂದು ಸಣ್ಣ ಲೆಕ್ಕ

ತಯಾರಿಸುವ ವಿಧಾನ ಸರಳ. ಚಿಲುಮೆ ನೀರಿರುವ ಗಾಜಿನ ಬಟ್ಟಲಿನಲ್ಲಿ ಹೂಗಳನ್ನು ತೇಲಿಬಿಟ್ಟು ಸುಮಾರು 3 ಗಂಟೆ ಬಿಸಿಲಿಗೆ ಇಡುತ್ತಾರೆ. ಕೆಲವು ಗಿಡಗಳ ಹೂ, ರೆಂಬೆಗಳನ್ನು ಅರ್ಧ ಗಂಟೆ ಕುದಿಸುತ್ತಾರೆ. ಹೂ ತೆಗೆದು, ಉಳಿದ ನೀರಿಗೆ ಅಷ್ಟೇ ಪ್ರಮಾಣದ ಬ್ರಾಂದಿ ಬೆರೆಸುತ್ತಾರೆ. ಇದು ಮೂಲದ್ರವ. ಇದರ 2 ತೊಟ್ಟನ್ನು 30 ಮಿಲಿಲೀಟರ್ ಬ್ರಾಂದಿಗೆ ಹಾಕಿದರೆ ಅಂಗಡಿಯಲ್ಲಿ ಮಾರುವ ಬಾಟಲಿ ಸಿದ್ಧ. ಮನೆಯಲ್ಲಿ ಅದರ 2 ತೊಟ್ಟನ್ನು ಮತ್ತೆ 30 ಮಿಲಿಲೀಟರ್ ನೀರಿಗೆ ಹಾಕಿ, ಆ ನೀರಿನಿಂದ 4 ತೊಟ್ಟು ಕೊಡಬೇಕು ಎಂಬುದು ವಾಡಿಕೆ.

ಈಗ ಲೆಕ್ಕ ಹಾಕೋಣ. ಒಂದು ತೊಟ್ಟು ಸುಮಾರು 0.05 ಮಿಲಿಲೀಟರ್ ಎಂದುಕೊಳ್ಳಿ. 30 ಮಿಲಿಲೀಟರ್ ಎಂದರೆ 600 ತೊಟ್ಟು. ಮೂಲದ್ರವದಲ್ಲಿ ಅರ್ಧ ಬ್ರಾಂದಿಯೇ ಇರುವುದರಿಂದ ಅಂಗಡಿಯ ಬಾಟಲಿಯಲ್ಲಿ ಹೂವಿನ ನೀರು ಇರುವುದು 600ರಲ್ಲಿ 1 ಪಾಲು. ಅದನ್ನು ಮತ್ತೆ 300 ಪಟ್ಟು ತೆಳುಮಾಡಿದಾಗ 1,80,000ದಲ್ಲಿ 1 ಪಾಲು. 9 ಲೀಟರ್ ನೀರಿರುವ ಬಕೆಟ್ಟಿಗೆ ಹೂವು ನೆನೆಸಿದ ನೀರು ಒಂದೇ ಒಂದು ತೊಟ್ಟು ಹಾಕಿ, ಆ ಬಕೆಟ್ಟಿನಿಂದ 4 ತೊಟ್ಟು ತೆಗೆದು ಬೆಕ್ಕಿಗೆ ಕೊಟ್ಟ ಹಾಗೆ. ಅಂಗಡಿಯ ಬಾಟಲಿಯಿಂದಲೇ ನೇರವಾಗಿ ಕೊಟ್ಟರೂ ಬಾಯಿಗೆ ಹೋಗುವುದು ಬಹುಪಾಲು ಬ್ರಾಂದಿ ಅಥವಾ ಗ್ಲಿಸರಿನ್.

ಸ್ಟಾರ್ ಆಫ್ ಬೆತ್ಲೆಹೆಮ್ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷವಿದೆ. ಬೆಕ್ಕು ಆ ಗಿಡವನ್ನು ತಿಂದರೆ ಅಪಾಯ. ಆದರೂ ಅದರ ಹನಿ ಕುಡಿದ ಬೆಕ್ಕಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಹನಿಯಲ್ಲಿ ಗಿಡದ ಅಂಶ ಹೆಚ್ಚುಕಡಿಮೆ ಇಲ್ಲವೇ ಇಲ್ಲ. "ಸೈಡ್ ಎಫೆಕ್ಟ್ ಇಲ್ಲ" ಎಂಬ ಮಾತು ನಿಜವಾಗುವುದು ಈ ಕಾರಣಕ್ಕೆ. ಎಫೆಕ್ಟ್ ಇಲ್ಲದಿರುವುದಕ್ಕೂ ಇದೇ ಕಾರಣ.

ಪರೀಕ್ಷೆಗಳು ಏನು ಹೇಳಿವೆ?

ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಸರಳವಾದ ದಾರಿ ಇದೆ. ಅರ್ಧದಷ್ಟು ಜನರಿಗೆ ನಿಜವಾದ ಹನಿ, ಉಳಿದರ್ಧಕ್ಕೆ ಹಾಗೆಯೇ ಕಾಣುವ, ಹಾಗೆಯೇ ರುಚಿಸುವ ಹುಸಿ ಹನಿ ಕೊಡಬೇಕು. ಯಾರಿಗೆ ಯಾವುದು ಸಿಕ್ಕಿದೆ ಎಂದು ತೆಗೆದುಕೊಂಡವರಿಗೂ ಗೊತ್ತಿರಬಾರದು, ಕೊಟ್ಟವರಿಗೂ ಗೊತ್ತಿರಬಾರದು. ಕೊನೆಗೆ ಎರಡೂ ಗುಂಪನ್ನು ಹೋಲಿಸಬೇಕು.

ಹೂವಿನ ಹನಿಗಳನ್ನು ಪರೀಕ್ಷೆ ಬರೆಯುವ ವಿದ್ಯಾರ್ಥಿಗಳ ಆತಂಕಕ್ಕೆ, ಮಕ್ಕಳ ಅತಿಚಟುವಟಿಕೆಯ ತೊಂದರೆಗೆ ಹೀಗೆಯೇ ಪರೀಕ್ಷಿಸಿ ನೋಡಲಾಗಿದೆ. ಎಡ್ಜಾರ್ಡ್ ಅರ್ನ್ಸ್ಟ್ ಎಂಬ ವೈದ್ಯವಿಜ್ಞಾನಿ 2010ರಲ್ಲಿ ಇಂತಹ 7 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹುಸಿಮದ್ದಿನೊಂದಿಗೆ ಹೋಲಿಸಿದ ಯಾವ ಪ್ರಯೋಗದಲ್ಲೂ ಹೂವಿನ ಹನಿ ಗೆಲ್ಲಲಿಲ್ಲ. 2009ರಲ್ಲಿ ಬೇರೊಂದು ತಂಡ ನಡೆಸಿದ ಪರಿಶೀಲನೆಯೂ ಇದೇ ಕಡೆಗೆ ಬೊಟ್ಟು ಮಾಡಿತು.

ಹನಿಯ ಪರ ಇರುವವರು 2007ರ ಒಂದು ಅಧ್ಯಯನವನ್ನು ಮುಂದಿಡುತ್ತಾರೆ. ಅಮೆರಿಕದ ಮಯಾಮಿಯಲ್ಲಿ 111 ಜನರ ಮೇಲೆ ರೆಸ್ಕ್ಯೂ ರೆಮಿಡಿಯ ಪ್ರಯೋಗ ನಡೆದಿತ್ತು. ಒಟ್ಟಾರೆ ನೋಡಿದಾಗ ಎರಡು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಆತಂಕವಿದ್ದವರನ್ನು ಮಾತ್ರ ಬೇರೆ ಮಾಡಿ ನೋಡಿದಾಗ ಒಂದಿಷ್ಟು ವ್ಯತ್ಯಾಸ ಕಂಡಿತು. ಒಟ್ಟು ಲೆಕ್ಕದಲ್ಲಿ ಫಲ ಕಾಣದಿದ್ದಾಗ ಗುಂಪನ್ನು ಒಡೆದು ಒಡೆದು ನೋಡಿದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ಏನಾದರೂ ಸಿಕ್ಕೇ ಸಿಗುತ್ತದೆ. ಹಾಗಾಗಿ ಇಂತಹ ಫಲಿತಾಂಶವನ್ನು ಮತ್ತೊಂದು ಪ್ರಯೋಗದಲ್ಲಿ ಖಚಿತಪಡಿಸಿಕೊಳ್ಳದೆ ಪುರಾವೆ ಎಂದು ಒಪ್ಪುವುದಿಲ್ಲ.

"ಆದರೆ ನಮ್ಮ ಬೆಕ್ಕಿಗೆ ಕಡಿಮೆಯಾಯಿತಲ್ಲ!"

ಈ ಮಾತು ಹೇಳುವವರು ಸುಳ್ಳು ಹೇಳುತ್ತಿಲ್ಲ. ಬೆಕ್ಕು ಸುಧಾರಿಸಿರುವುದು ನಿಜವೇ ಇರಬಹುದು. ಆದರೆ ಅದಕ್ಕೆ ಹನಿಯೇ ಕಾರಣ ಎನ್ನುವಂತಿಲ್ಲ. ಬೇರೆ ಕಾರಣಗಳು ಮೂರಿವೆ.

ಮೊದಲನೆಯದು, ಕಾಲ. ಹೊಸ ಮನೆಗೆ ಬಂದ ಬೆಕ್ಕು ಮೊದಲ ಕೆಲವು ದಿನ ಅಡಗಿ ಕೂತು, ಆಮೇಲೆ ಒಂದೊಂದೇ ಕೋಣೆ ಮೂಸುತ್ತಾ ಹೊರಬರುತ್ತದೆ. ಪಟಾಕಿ ನಿಂತ ಮೇಲೆ ಭಯವೂ ಇಳಿಯುತ್ತದೆ. ನಾವು ಹನಿ ತರಲು ಓಡುವುದು ಬೆಕ್ಕಿನ ಸ್ಥಿತಿ ತೀರಾ ಕೆಟ್ಟಾಗ. ಅಲ್ಲಿಂದ ಮುಂದೆ ಅದು ಸುಧಾರಿಸುವ ಸಾಧ್ಯತೆಯೇ ಹೆಚ್ಚು. ಬೀಳುತ್ತಿದ್ದ ಮಳೆಗೆ ಕೊಡೆ ಬಿಚ್ಚಿದ ಮೇಲೆ ಮಳೆ ನಿಂತರೆ, ಕೊಡೆಯೇ ಮಳೆ ನಿಲ್ಲಿಸಿತು ಎನ್ನಲಾಗುವುದಿಲ್ಲ.

ಎರಡನೆಯದು, ಜೊತೆಗೆ ಮಾಡಿದ ಬದಲಾವಣೆ. ಹನಿ ಹಾಕುವವರು ಅದೊಂದನ್ನೇ ಮಾಡಿ ಸುಮ್ಮನಿರುವುದಿಲ್ಲ. ಬೆಕ್ಕಿನ ಪಕ್ಕ ಕೂರುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ, ಮಕ್ಕಳಿಗೆ ಗಲಾಟೆ ಮಾಡಬೇಡಿ ಎನ್ನುತ್ತಾರೆ. ಬೆಕ್ಕಿಗೆ ಬೇಕಿದ್ದದ್ದು ಅದೇ ಆಗಿರಬಹುದು.

ಮೂರನೆಯದು, ನೋಡುವವರ ಕಣ್ಣು. "ಬೆಕ್ಕಿಗೆ ಮದ್ದಿನ ಹೆಸರೇ ಗೊತ್ತಿಲ್ಲ, ಅದಕ್ಕೆಲ್ಲಿಯ ಪ್ಲಸೀಬೊ?" ಎಂದು ಹಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಬೆಕ್ಕು ಹೇಗಿದೆ ಎಂದು ಹೇಳುವುದು ನಾವು. ಅಮೆರಿಕದಲ್ಲಿ ಸಂಧಿವಾತದಿಂದ ಕುಂಟುತ್ತಿದ್ದ, ಹುಸಿಮದ್ದು ಮಾತ್ರ ಪಡೆದ 58 ನಾಯಿಗಳ ನಡಿಗೆಯನ್ನು ಯಂತ್ರದಿಂದ ಅಳೆದು, ಸಾಕಿದವರ ಅಭಿಪ್ರಾಯದೊಂದಿಗೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನೂರಕ್ಕೆ ಸುಮಾರು 40ರಷ್ಟು ಸಲ ಯಂತ್ರ ಸುಧಾರಣೆ ತೋರಿಸದಿದ್ದರೂ ಸಾಕಿದವರಿಗೆ ಸುಧಾರಣೆ ಕಂಡಿತ್ತು. ಪಶುವೈದ್ಯರ ಕಣ್ಣೂ ಹೆಚ್ಚುಕಡಿಮೆ ಅಷ್ಟೇ ಮೋಸ ಹೋಗಿತ್ತು. ಪ್ರೀತಿಸುವ ಪ್ರಾಣಿ ಚೇತರಿಸಿಕೊಳ್ಳಲಿ ಎಂಬ ಆಸೆ ನಮ್ಮ ನೋಟವನ್ನೇ ಬದಲಿಸುತ್ತದೆ.

ಗಿಡಗಳಿಗೆ ಬೆಕ್ಕಿನ ಮೇಲೆ ಪರಿಣಾಮವೇ ಇಲ್ಲವೇ?

ಖಂಡಿತ ಇದೆ. ಕ್ಯಾಟ್‌ನಿಪ್ ಎಂಬ ಪುದೀನ ಜಾತಿಯ ಗಿಡದಲ್ಲಿರುವ ನೆಪೆಟಲ್ಯಾಕ್ಟೋನ್ ಮೂಗಿಗೆ ಬಿದ್ದರೆ ಮೂರರಲ್ಲಿ ಎರಡರಷ್ಟು ಬೆಕ್ಕುಗಳು ಉಜ್ಜಿ, ಉರುಳಾಡಿ, ಜೊಲ್ಲು ಸುರಿಸುತ್ತವೆ. 2017ರಲ್ಲಿ 100 ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಸಿಲ್ವರ್ ವೈನ್ ಎಂಬ ಬಳ್ಳಿಗೆ ಸುಮಾರು 80 ಬೆಕ್ಕುಗಳು ಹೀಗೆ ಪ್ರತಿಕ್ರಿಯಿಸಿದವು. ನಮ್ಮ ಹಿತ್ತಲಲ್ಲೇ ಬೆಳೆಯುವ ಕುಪ್ಪಿಗಿಡದ ಬೇರಿನ ವಾಸನೆಗೂ ಬೆಕ್ಕುಗಳು ಮತ್ತೇರಿದಂತೆ ಆಡುತ್ತವೆ. ಆ ಬೇರಿನಲ್ಲೂ ಕ್ಯಾಟ್‌ನಿಪ್‌ನದ್ದಕ್ಕೆ ಹತ್ತಿರದ ರಾಸಾಯನಿಕಗಳಿವೆ.

ಹೂವಿನ ಹನಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಇಲ್ಲಿ ಹೆಸರಿಸಬಹುದಾದ ವಸ್ತುವಿದೆ, ಮೂಗಿಗೆ ತಲುಪುವಷ್ಟು ಪ್ರಮಾಣವಿದೆ, ಯಾರು ಬೇಕಾದರೂ ನೋಡಬಹುದಾದ ಪರಿಣಾಮವಿದೆ. ಆದರೆ ಇದು ಕೆಲವೇ ನಿಮಿಷಗಳ ಆಟ, ಭಯಕ್ಕೆ ಚಿಕಿತ್ಸೆಯಲ್ಲ. ಕೆಲವು ಬೆಕ್ಕುಗಳು ಶಾಂತವಾಗುವ ಬದಲು ಇನ್ನಷ್ಟು ಕೆರಳುತ್ತವೆ.

ಒತ್ತಡದ ಗುರುತು, ಕಾಯಿಲೆಯ ಗುರುತು

ಬೆಕ್ಕು ನೋವನ್ನೂ ಭಯವನ್ನೂ ಅಡಗಿಸಿಡುವ ಪ್ರಾಣಿ. ಒತ್ತಡದಲ್ಲಿರುವ ಬೆಕ್ಕು ಅಡಗಿ ಕೂರುತ್ತದೆ, ಊಟ ಕಡಿಮೆ ಮಾಡುತ್ತದೆ, ಮೈಯನ್ನು ಒಂದೇ ಸಮನೆ ನೆಕ್ಕಿ ಕೂದಲು ಉದುರಿಸಿಕೊಳ್ಳುತ್ತದೆ, ಟ್ರೇ ಬಿಟ್ಟು ಬೇರೆ ಕಡೆ ಮೂತ್ರ ಮಾಡುತ್ತದೆ, ಮುಟ್ಟಲು ಹೋದರೆ ಪರಚುತ್ತದೆ. ಆದರೆ ಹಲ್ಲುನೋವು, ಕೀಲುನೋವು, ಚರ್ಮದ ಅಲರ್ಜಿ, ಥೈರಾಯ್ಡ್, ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿನಲ್ಲೂ ಇವೇ ಗುರುತುಗಳು ಕಾಣಬಹುದು. ನೋಡಿದ ಮಾತ್ರಕ್ಕೆ ಯಾವುದು ಏನೆಂದು ಹೇಳಲಾಗುವುದಿಲ್ಲ. ಹಾಗಾಗಿ ವರ್ತನೆ ದಿಢೀರನೆ ಬದಲಾದರೆ ಮೊದಲ ಕೆಲಸ ಪಶುವೈದ್ಯರಿಗೆ ತೋರಿಸುವುದು.

ಒತ್ತಡವೇ ಕಾಯಿಲೆಯಾಗುವುದೂ ಉಂಟು. ಸೋಂಕು, ಕಲ್ಲು ಏನೂ ಇಲ್ಲದೆಯೇ ಮೂತ್ರಕೋಶ ಉರಿಯೂತಗೊಳ್ಳುವ ತೊಂದರೆ ಬೆಕ್ಕುಗಳಲ್ಲಿ ಸಾಮಾನ್ಯ. ಅದಕ್ಕೂ ಒತ್ತಡಕ್ಕೂ ನೇರ ನಂಟಿದೆ.

ಈ ಗುರುತು ಕಂಡರೆ ಒಂದು ನಿಮಿಷವೂ ಕಾಯಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ.

- ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ಮುಕ್ಕುತ್ತಿದೆ, ಹನಿ ಹನಿ ಬರುತ್ತಿದೆ ಅಥವಾ ಏನೂ ಬರುತ್ತಿಲ್ಲ, ನೋವಿನಿಂದ ಕೂಗುತ್ತಿದೆ, ಮೂತ್ರದ ಜಾಗವನ್ನು ನೆಕ್ಕುತ್ತಲೇ ಇದೆ. ಇದು ಮೂತ್ರನಾಳ ಕಟ್ಟಿಕೊಂಡಿರುವ ಸೂಚನೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. 24ರಿಂದ 48 ಗಂಟೆಯೊಳಗೆ ಪ್ರಾಣಕ್ಕೇ ಕುತ್ತು. ಎಷ್ಟೋ ಮನೆಗಳಲ್ಲಿ ಇದನ್ನು ಮಲಬದ್ಧತೆ ಎಂದೋ ಸಿಟ್ಟು ಎಂದೋ ಒತ್ತಡ ಎಂದೋ ತಿಳಿದು ಕಾಯುತ್ತಾರೆ. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.
- ಬೆಕ್ಕು 24 ಗಂಟೆಗಿಂತ ಹೆಚ್ಚು ಹೊತ್ತು ಏನೂ ತಿಂದಿಲ್ಲ. ಎರಡು ಮೂರು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪ ಬೆಕ್ಕಾಗಿದ್ದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗುತ್ತದೆ.
- ಬಾಯಿ ತೆರೆದು ಏದುಸಿರು ಬಿಡುತ್ತಿದೆ. ನಾಯಿಗೆ ಇದು ಸಹಜ, ಬೆಕ್ಕಿಗೆ ಅಲ್ಲ.
- ಹಿಂಗಾಲು ಎಳೆದುಕೊಂಡು ನಡೆಯುತ್ತಿದೆ, ಎದ್ದು ನಿಲ್ಲಲಾಗುತ್ತಿಲ್ಲ.

ಇಂತಹ ಹೊತ್ತಿನಲ್ಲಿ "ಮೊದಲು ಹನಿ ಹಾಕಿ ನಾಳೆ ನೋಡೋಣ" ಎಂದುಕೊಂಡರೆ ಆ ನಾಳೆ ಬಾರದೇ ಇರಬಹುದು. ಹೂವಿನ ಹನಿಯ ದೊಡ್ಡ ಅಪಾಯ ಅದು ಕಳೆಯುವ ಸಮಯದಲ್ಲಿದೆ.

"ನೈಸರ್ಗಿಕ" ಎಂದರೆ ಸುರಕ್ಷಿತ ಎಂದಲ್ಲ

ಹೂವಿನ ಹನಿಯ ಸಂದೇಶ ಕೈಯಿಂದ ಕೈಗೆ ಹೋಗುತ್ತಾ "ಮನೆಯಲ್ಲೇ ಹೂ ನೆನೆಸಿ ಕೊಡಿ", "ಹೂವಿನ ಎಣ್ಣೆ ಹಚ್ಚಿ" ಎಂದು ರೂಪ ಬದಲಿಸುವ ಸಾಧ್ಯತೆ ಇದ್ದೇ ಇದೆ. ಇಲ್ಲಿ ಎಚ್ಚರ ಬೇಕು.

ಬೆಕ್ಕಿನ ಯಕೃತ್ತು ನಮ್ಮ ಯಕೃತ್ತಿನ ಹಾಗಲ್ಲ. ಅನೇಕ ರಾಸಾಯನಿಕಗಳನ್ನು ಒಡೆದು ಹೊರಹಾಕಲು ಬೇಕಾದ ಒಂದು ಮುಖ್ಯ ಕಿಣ್ವದ ಕೊರತೆ ಅದಕ್ಕೆ ಹುಟ್ಟಿನಿಂದಲೇ ಇದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದೇ ಕಾರಣಕ್ಕೆ ಸುಗಂಧ ತೈಲಗಳೂ ಅಪಾಯ. ಟೀ ಟ್ರೀ ಎಣ್ಣೆಯನ್ನು ಮೈಗೆ ಹಚ್ಚಿದರೆ ಬೆಕ್ಕಿಗೆ ನಡುಕ, ತೂರಾಟ ಬರಬಹುದು. ಹೂವಿನ ಹನಿ ಮತ್ತು ಹೂವಿನ ಎಣ್ಣೆ ಒಂದೇ ಅಲ್ಲ. ಮೊದಲನೆಯದರಲ್ಲಿ ಹೂವಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಎರಡನೆಯದರಲ್ಲಿ ಅತಿ ಹೆಚ್ಚು.

ಹೂಗಳ ವಿಷಯಕ್ಕೆ ಬಂದರೆ ಬೆಕ್ಕಿಗೆ ಅತಿ ಅಪಾಯಕಾರಿ ಲಿಲ್ಲಿ. ಹೂಗುಚ್ಛದಲ್ಲಿ ಕಟ್ಟಿಕೊಡುವ, ಕಹಳೆಯಂತೆ ಅರಳುವ ದೊಡ್ಡ ಲಿಲ್ಲಿಗಳು ಮತ್ತು ತೋಟದ ಡೇ ಲಿಲ್ಲಿಗಳು ಬೆಕ್ಕಿನ ಮೂತ್ರಪಿಂಡವನ್ನೇ ಹಾಳುಮಾಡುತ್ತವೆ. ಎಲೆ, ದಳ, ಹೂದಾನಿಯ ನೀರು ಎಲ್ಲವೂ ವಿಷ. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಬೆಕ್ಕು ಲಿಲ್ಲಿ ಮುಟ್ಟಿದೆ ಎಂಬ ಅನುಮಾನ ಬಂದರೂ ವಾಂತಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೊದಲ ಕೆಲವು ಗಂಟೆಗಳಲ್ಲಿ ಚಿಕಿತ್ಸೆ ಸಿಕ್ಕರೆ ಮಾತ್ರ ಉಳಿಯುವ ಅವಕಾಶ ಹೆಚ್ಚು. ನಮ್ಮ ತಾವರೆ, ನೈದಿಲೆ ಈ ಗುಂಪಿಗೆ ಸೇರಿದವಲ್ಲ.

ಪೂಜೆಗೆ ಬಳಸುವ ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರಿ, ಬೆಂಕಿಯ ಜ್ವಾಲೆಯಂತೆ ಅರಳುವ ಅಗ್ನಿಶಿಖೆ, ಅಂಗಳದ ನಿತ್ಯಪುಷ್ಪ ಇವೂ ವಿಷದ ಗಿಡಗಳೇ. ಇವೆಲ್ಲ ನೂರಕ್ಕೆ ನೂರು ನೈಸರ್ಗಿಕ!

ಹಾಗಾದರೆ ಬೆಕ್ಕಿನ ಒತ್ತಡಕ್ಕೆ ನಿಜವಾದ ಮದ್ದೇನು?

ಹೆಚ್ಚಿನ ಉತ್ತರ ಬಾಟಲಿಯಲ್ಲಿಲ್ಲ, ಮನೆಯಲ್ಲಿದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರು ಮೂತ್ರಕೋಶದ ಉರಿಯೂತವಿದ್ದ 46 ಸಾಕು ಬೆಕ್ಕುಗಳ ಮನೆಯ ವಾತಾವರಣವನ್ನು ಬದಲಿಸಿ 10 ತಿಂಗಳು ಗಮನಿಸಿದರು. ಅಡಗಲು, ಹತ್ತಲು, ಆಡಲು ಅನುಕೂಲ ಮಾಡಿಕೊಟ್ಟ ಮೇಲೆ ಮೂತ್ರದ ತೊಂದರೆ, ಭಯ, ಹೆದರಿಕೆಯ ವರ್ತನೆ ಎಲ್ಲವೂ ಇಳಿದವು. 2006ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ ಎಂಬುದು ಅದರ ಮಿತಿ. ಆದರೂ ಇಂದು ಪಶುವೈದ್ಯರು ಈ ತೊಂದರೆಗೆ ಮೊದಲು ಸೂಚಿಸುವುದು ಇದೇ ದಾರಿಯನ್ನು.

*ಅಡಗಲು ಒಂದು ಜಾಗ ಕೊಡಿ.* ನೆದರ್ಲೆಂಡ್ಸ್‌ನ ಪ್ರಾಣಿ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುವ ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಒತ್ತಡ ಮೊದಲ ಕೆಲವೇ ದಿನಗಳಲ್ಲಿ ಇಳಿಯಿತು. ಉಳಿದವು ಹೊಂದಿಕೊಳ್ಳಲು ಹೆಚ್ಚು ದಿನ ತೆಗೆದುಕೊಂಡವು. ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರ ಈ ಅಧ್ಯಯನ 2014ರಲ್ಲಿ ಬಂತು. ಆನ್‌ಲೈನ್ ಆರ್ಡರ್ ಬಂದ ರಟ್ಟಿನ ಡಬ್ಬಕ್ಕೆ ಒಂದು ಬಾಗಿಲು ಕತ್ತರಿಸಿ ಹಳೆಯ ಟವೆಲ್ ಹಾಸಿ. ಖರ್ಚು ಸೊನ್ನೆ. ಅಡಗಿದ ಬೆಕ್ಕನ್ನು ಎಳೆದು ಹೊರತರಬೇಡಿ.

*ಎತ್ತರದ ಜಾಗ ಬಿಡಿ.* ಕಪಾಟಿನ ಮೇಲೆ, ಕಿಟಕಿಯ ಪಕ್ಕ ಕೂತು ಕೆಳಗೆ ನೋಡುವುದು ಬೆಕ್ಕಿಗೆ ಧೈರ್ಯ ಕೊಡುತ್ತದೆ. ಫ್ಲ್ಯಾಟ್‌ಗಳಲ್ಲಿ ಬಾಲ್ಕನಿಗೂ ಕಿಟಕಿಗೂ ಜಾಲರಿ ಇರಲಿ.

*ಟ್ರೇ, ಊಟ, ನೀರು ಬೇರೆ ಬೇರೆ ಕಡೆ ಇಡಿ.* ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಬೇಕು. ಎರಡು ಬೆಕ್ಕಿದ್ದರೆ ಮೂರು ಟ್ರೇ, ಅದೂ ಒಂದೇ ಸಾಲಿನಲ್ಲಲ್ಲ. ವಾಷಿಂಗ್ ಮಷೀನ್ ಪಕ್ಕ ಇಡಬೇಡಿ. ದಿನವೂ ತೆಗೆದು ಸ್ವಚ್ಛ ಮಾಡಿ.

*ಫಿನೈಲ್ ಬಳಸಬೇಡಿ.* ನೀರಿಗೆ ಹಾಕಿದರೆ ಹಾಲಿನಂತೆ ಬಿಳಿಯಾಗುವ ಫೀನಾಲ್ ಇರುವ ಫಿನೈಲ್ ಬೆಕ್ಕಿಗೆ ವಿಷ. ಅದರ ಮೇಲೆ ನಡೆದು ಕಾಲು ನೆಕ್ಕಿದರೂ ತೊಂದರೆ. ಕಟುವಾಸನೆಯಿಂದ ಬೆಕ್ಕು ಟ್ರೇ ಕಡೆ ಸುಳಿಯುವುದನ್ನೇ ಬಿಡಬಹುದು. ಸೋಪಿನ ನೀರು ಸಾಕು, ಚೆನ್ನಾಗಿ ತೊಳೆದು ಒಣಗಿಸಿ.

*ದಿನಚರಿ ಒಂದೇ ತೆರನಾಗಿರಲಿ.* ಓಹಾಯೋದಲ್ಲೇ 32 ಬೆಕ್ಕುಗಳನ್ನು 77 ವಾರ ಗಮನಿಸಿದ ಇನ್ನೊಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಊಟದ ಹೊತ್ತು, ನೋಡಿಕೊಳ್ಳುವವರು ಬದಲಾದ ವಾರಗಳಲ್ಲಿ ಆರೋಗ್ಯವಂತ ಬೆಕ್ಕುಗಳು ಕೂಡ ವಾಂತಿ ಮಾಡುವುದು, ಊಟ ಬಿಡುವುದು, ಟ್ರೇ ಬಿಟ್ಟು ಹೊರಗೆ ಹೋಗುವುದು ಹೆಚ್ಚಾಯಿತು.

*ಬೇಟೆಯಾಟ ಆಡಿಸಿ.* ಕೋಲಿಗೆ ದಾರ, ದಾರಕ್ಕೆ ಗರಿ ಕಟ್ಟಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಆಡಿಸಿ, ಕೊನೆಗೆ ತಿನ್ನಲು ಏನಾದರೂ ಕೊಡಿ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

*ಹೊಡೆಯಬೇಡಿ, ಬೈಯಬೇಡಿ.* ಮೂತ್ರ ಮಾಡಿದ ಜಾಗಕ್ಕೆ ಮೂಗು ತಿಕ್ಕುವುದರಿಂದ ಬೆಕ್ಕು ಕಲಿಯುವುದು ಒಂದೇ, ನಿಮ್ಮನ್ನು ಕಂಡರೆ ಹೆದರುವುದು. ಬದಲಿಗೆ ದೂರದಿಂದ ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಹೀಗೆ ಮಾಡಿದವರ ಹತ್ತಿರ ಬೆಕ್ಕುಗಳು ಬರುವ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡರು.

*ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.* ಗೋಡೆಗೆ ಮೂತ್ರ ಚಿಮ್ಮಿಸುವ ಹತ್ತು ಗಂಡು ಬೆಕ್ಕುಗಳಲ್ಲಿ ಸುಮಾರು ಒಂಬತ್ತರಲ್ಲಿ ಈ ಅಭ್ಯಾಸ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ.

*ಪಟಾಕಿಯ ದಿನಗಳಿಗೆ ಮೊದಲೇ ಸಿದ್ಧರಾಗಿ.* ಸಂಜೆಗೆ ಮುನ್ನ ಊಟ ಕೊಟ್ಟು, ಮನೆಯ ಒಳಗಿನ ಒಂದು ಕೋಣೆಯಲ್ಲಿ ಡಬ್ಬ, ನೀರು, ಟ್ರೇ ಇಟ್ಟು, ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನನ್ನೋ ಟಿವಿಯನ್ನೋ ಸಣ್ಣದಾಗಿ ಹಾಕಿಡಿ.

ಇದೆಲ್ಲ ಸಾಲದಿದ್ದರೆ?

ಕೆಲವು ಬೆಕ್ಕುಗಳಿಗೆ ಔಷಧ ಬೇಕಾಗುತ್ತದೆ. ಅದು ಸೋಲಲ್ಲ. ಆಸ್ಪತ್ರೆಗೆ ಹೋಗಲು ವಿಪರೀತ ಹೆದರುವ 20 ಬೆಕ್ಕುಗಳಿಗೆ ಒಮ್ಮೆ ಗ್ಯಾಬಪೆಂಟಿನ್, ಇನ್ನೊಮ್ಮೆ ಹುಸಿಮದ್ದು ಕೊಟ್ಟು ನೋಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ನಿಜವಾದ ಮದ್ದು ಸಿಕ್ಕಾಗ ಒತ್ತಡ ಕಡಿಮೆ ಇತ್ತು. ಹೂವಿನ ಹನಿ ದಾಟಲಾಗದ ಪರೀಕ್ಷೆ ಎಂದರೆ ಇದೇ. ಆದರೆ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುರಿದು ಕೊಡುವ ಸಾಹಸ ಬೇಡ. ಬೆಕ್ಕಿನ ಮುಖದ ಗ್ರಂಥಿಯ ವಾಸನೆಯನ್ನು ಹೋಲುವ ಫೆರೊಮೋನ್ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬಗ್ಗೆ ಅಧ್ಯಯನಗಳ ಫಲಿತಾಂಶ ಮಿಶ್ರವಾಗಿದೆ.

ಕರ್ನಾಟಕದಲ್ಲಿ ಖಾಸಗಿ ಪೆಟ್ ಕ್ಲಿನಿಕ್‌ಗಳಲ್ಲದೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲೂ ಆಸ್ಪತ್ರೆಗಳಿವೆ. ರಾತ್ರಿ ಹೊತ್ತು ತೆರೆದಿರುವ, ನಿಮಗೆ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಸಾಮಾನ್ಯ ಪ್ರಶ್ನೆಗಳು

*ಈಗಾಗಲೇ ಹನಿ ಕೊಟ್ಟಿದ್ದೇನೆ. ಹೆದರಬೇಕೇ?*
ನಾಲ್ಕಾರು ತೊಟ್ಟಿನಿಂದ ಹಾನಿಯಾಗುವುದಿಲ್ಲ. ಆದರೆ ಮನುಷ್ಯರಿಗೆ ಮಾರುವ ಬಾಟಲಿಯಲ್ಲಿ ಆಲ್ಕೋಹಾಲ್ ಇರುತ್ತದೆ. ನಾಲ್ಕು ಕೆ.ಜಿ. ತೂಗುವ ಪ್ರಾಣಿಗೆ ಅದನ್ನು ಡ್ರಾಪರ್ ತುಂಬ ಕೊಡುವುದು ಸರಿಯಲ್ಲ.

*ಕುಡಿಯುವ ನೀರಿಗೆ ಹಾಕಬಹುದೇ?*
ಬೇಡ. ಬೆಕ್ಕು ಮೊದಲೇ ನೀರು ಕುಡಿಯುವುದು ಕಡಿಮೆ. ವಾಸನೆ ಬದಲಾದರೆ ಅದನ್ನೂ ಬಿಟ್ಟೀತು. ಮೂತ್ರದ ತೊಂದರೆಯಿರುವ ಬೆಕ್ಕಿಗೆ ನೀರೇ ದೊಡ್ಡ ಮದ್ದು.

*ಹನಿಯನ್ನು ಬಾಯಿಗೆ ಬಿಡಲು ಬೆಕ್ಕನ್ನು ಹಿಡಿದುಕೊಳ್ಳಬೇಕಾಗುತ್ತದೆ. ಪರವಾಗಿಲ್ಲವೇ?*
ಒತ್ತಡ ಇಳಿಸಲೆಂದು ದಿನಕ್ಕೆ ನಾಲ್ಕು ಸಲ ಬೆಕ್ಕನ್ನು ಅದುಮಿ ಹಿಡಿದರೆ ಒತ್ತಡ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

*ವೈದ್ಯರ ಚಿಕಿತ್ಸೆಯ ಜೊತೆಗೆ ಹನಿಯೂ ಇರಲಿ ಎಂದರೆ?*
ವೈದ್ಯರಿಗೆ ತಿಳಿಸಿ. ಚಿಕಿತ್ಸೆ ನಿಲ್ಲಿಸದಿದ್ದರೆ, ತಡಮಾಡದಿದ್ದರೆ ನಷ್ಟವಾಗುವುದು ನಿಮ್ಮ ದುಡ್ಡು ಮಾತ್ರ. ಅದೇ ದುಡ್ಡಿಗೆ ಇನ್ನೊಂದು ಟ್ರೇ ಕೊಂಡರೆ ಬೆಕ್ಕಿಗೆ ಹೆಚ್ಚು ಉಪಯೋಗ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಬೆಕ್ಕಿನ ಗುಂಪಿಗೆ ಹೂವಿನ ಹನಿಯ ಸಂದೇಶ ಮತ್ತೆ ಬಂದರೆ ಜಗಳ ಬೇಡ. ಈ ನಾಲ್ಕು ಸಾಲು ಕಳಿಸಿ:

ಹೂವಿನ ಹನಿಗೆ ಹುಸಿಮದ್ದಿಗಿಂತ ಹೆಚ್ಚಿನ ಗುಣ ಕಂಡುಬಂದಿಲ್ಲ.
ಹೆದರಿದ ಬೆಕ್ಕಿಗೆ ಒಂದು ರಟ್ಟಿನ ಡಬ್ಬ, ಶಾಂತವಾದ ಕೋಣೆ, ಹೆಚ್ಚುವರಿ ಟ್ರೇ ಕೊಡಿ.
ಲಿಲ್ಲಿ ಹೂವು, ಸುಗಂಧ ತೈಲ, ಫಿನೈಲ್, ಪ್ಯಾರಾಸಿಟಮಾಲ್ ಬೆಕ್ಕಿನಿಂದ ದೂರವಿಡಿ.
ಗಂಡು ಬೆಕ್ಕು ಮೂತ್ರಕ್ಕೆ ಮುಕ್ಕುತ್ತಿದ್ದರೆ ಅದು ಒತ್ತಡವಲ್ಲ, ತುರ್ತುಸ್ಥಿತಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.